ಹಾಲುಕ್ಕಿಸಿದ ಗುಡಿಸಲು

ಬೋರಯ್ಯನಿಗೆ ತೊಲೆ ಇರುವ ಮನೆಯಲ್ಲಿ ಮಲಗಲು ಆಗುತ್ತಿರಲಿಲ್ಲ. ತೊಲೆಗಳು ತನ್ನ ಹೆಸರು ಹಿಡಿದು ಮಾತಾಡಿಕೊಳ್ಳುತ್ತವೆ ಎನ್ನುತ್ತಿದ್ದ. ಅದಕ್ಕೇ ಅವನ ಅಕ್ಕ ದೇವಿರಮ್ಮ ತೊಲೆಯೇ ಇಲ್ಲದ, ಕಬ್ಬಿನ ಸೋಗೆ ಹೊದಿಸಿದ ಒಂದು ಗುಡಿಸಲನ್ನು ಅವನಿಗೆಂದು ಮಾಡಿಕೊಟ್ಟಿದ್ದಳು. ೧೯೭೬ರ ಜನವರಿಯಲ್ಲಿ ಒಂದು ಮಧ್ಯಾಹ್ನ ಅವನು ಆ ಗುಡಿಸಲಿಗೇ ಬೆಂಕಿ ಇಟ್ಟ. ಬೆಂಕಿ ಪಕ್ಕದ ಕಬ್ಬಿಗೂ ಹತ್ತಿಕೊಂಡು ಅರ್ಧ ಎಕರೆ ಹೋಯಿತು. ಯಾರಿಗೂ ಏನೂ ಆಗಲಿಲ್ಲ. ಆದರೆ ಕೇಸಾಯಿತು.

ಆಗ ನಾನು ಮಂಡ್ಯದಲ್ಲಿ ಪ್ರೊಬೇಷನ್ ಅಧಿಕಾರಿಯಾಗಿದ್ದೆ. ತಪ್ಪು ಮಾಡಿದವರನ್ನು ಜೈಲಿಗೆ ಕಳಿಸದೆ, ಮುಚ್ಚಳಿಕೆ ಬರೆಸಿಕೊಂಡು ಮನೆಗೆ ಬಿಡಬಹುದೇ ಎಂದು ಕೋರ್ಟು ಕೇಳಿದಾಗ ಅವರ ಊರಿಗೆ ಹೋಗಿ, ಮನೆಮಂದಿಯನ್ನು ನೋಡಿ, ವರದಿ ಬರೆಯುವುದು ನನ್ನ ಕೆಲಸ. ನನ್ನ ಮೇಜಿನ ಮೇಲೆ ಬೋರಯ್ಯನ ಕಡತ ಬಂದಾಗ ಜುಲೈ ತಿಂಗಳು. ಅದರಲ್ಲಿ ಮೊದಲಿಗೆ ಇದ್ದದ್ದು ಮಂಡ್ಯದ ಸರಕಾರಿ ವೈದ್ಯರ ಪತ್ರ. ಬೋರಯ್ಯನನ್ನು ಹತ್ತು ದಿನ ಆಸ್ಪತ್ರೆಯಲ್ಲಿಟ್ಟುಕೊಂಡು ಪರೀಕ್ಷಿಸಿದ್ದರು. ಕಾಯಿಲೆ ಇದೆ, ಬಹಳ ವರ್ಷದ್ದು, ಔಷಧ ಬೇಕು. ಆದರೆ ಕೋರ್ಟಿನಲ್ಲಿ ಕೇಳಿದ್ದಕ್ಕೆ ಉತ್ತರ ಕೊಡಬಲ್ಲ, ತಾನು ಮಾಡಿದ್ದು ಏನೆಂದು ಆ ಹೊತ್ತಿನಲ್ಲಿ ಅವನಿಗೆ ತಿಳಿದಿತ್ತು ಎಂದು ಬರೆದಿದ್ದರು.

ನಾನು ಹೋಗಿ ವೈದ್ಯರನ್ನು ಕಂಡೆ. ಅವರು ತಮ್ಮ ಕುರ್ಚಿಯನ್ನು ಫ್ಯಾನಿನ ಕೆಳಗಿನಿಂದ ಸರಿಸಿ ನನ್ನ ಕುರ್ಚಿಯನ್ನು ಅಲ್ಲಿಗೆ ಎಳೆದುಕೊಟ್ಟರು.

"ತಿಳಿದಿತ್ತು ಅಂತ ಹೇಗೆ ಹೇಳ್ತೀರಿ?" ಎಂದು ಕೇಳಿದೆ.

"ಕರು ಬಿಚ್ಚಿದ್ದಾನಲ್ಲಮ್ಮ" ಎಂದರು ಅವರು. "ಗುಡಿಸಲ ಪಕ್ಕ ಒಂದು ಕರು ಕಟ್ಟಿತ್ತಂತೆ. ಮೊದಲು ಅದನ್ನು ಬಿಚ್ಚಿ, ಏರಿ ದಾಟಿಸಿ, ಆಮೇಲೆ ಬೆಂಕಿ ಹಚ್ಚಿದ್ದಾನೆ. ಬೆಂಕಿಯಿಂದ ಏನಾಗುತ್ತೆ ಅಂತ ಗೊತ್ತಿಲ್ಲದವನು ಕರು ಬಿಚ್ಚುತ್ತಾನೆಯೇ?"

"ಕಾಯಿಲೆ ಇದೆ ಅಂತ ನೀವೇ ಬರೆದಿದ್ದೀರಿ."

"ಇದೆ. ಕೋರ್ಟು ನನ್ನ ಕೇಳಿದ್ದು ಕಾಯಿಲೆ ಇದೆಯೇ ಅಂತಲ್ಲ."

ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಹುಚ್ಚೆಂದು ಬಿಡಿಸುವ ದಾರಿ ಮುಚ್ಚಿತ್ತು. ಉಳಿದದ್ದು ನನ್ನ ದಾರಿ ಒಂದೇ.

ಆ ದಾರಿಯ ಅಳತೆಯನ್ನು ನನಗೆ ಬಿಡಿಸಿ ಹೇಳಿದವರು ಮದ್ದೂರಿನ ವಕೀಲ ಸಂಪತ್ ಕುಮಾರ್. ಅವರು ಬೋರಯ್ಯನ ಪರ ನಿಂತಿದ್ದರು. ಸಣ್ಣ ಆಳು, ದೊಡ್ಡ ಕನ್ನಡಕ, ಕೋಟಿನ ಜೇಬಿನಲ್ಲಿ ಯಾವಾಗಲೂ ನಾಲ್ಕು ಬಾಳೆಹಣ್ಣು. ಕಕ್ಷಿದಾರರು ಹಸಿದು ಬಂದಿರುತ್ತಾರೆಂದು ಇಟ್ಟುಕೊಂಡಿರುತ್ತಿದ್ದರು.

"ಮೇಡಂ, ಬಯಲಲ್ಲಿ ಬೆಳೆ ಸುಟ್ಟರೆ ಒಂದು ಕಲಮು. ಏಳು ವರ್ಷದವರೆಗೆ ಶಿಕ್ಷೆ. ಇಲ್ಲಿನ ಮ್ಯಾಜಿಸ್ಟ್ರೇಟರೇ ತೀರ್ಮಾನ ಮಾಡಬಹುದು, ಮುಚ್ಚಳಿಕೆ ಮೇಲೆ ಬಿಡಲೂಬಹುದು. ಆದರೆ ಜನ ವಾಸ ಮಾಡೋ ಮನೆ ಸುಟ್ಟರೆ ಅದರ ಮುಂದಿನ ಕಲಮು. ಅದಕ್ಕೆ ಜೀವಾವಧಿಯವರೆಗೂ ಹೋಗಬಹುದು. ಜೀವಾವಧಿ ಅನ್ನೋ ಮಾತಿರೋ ಕಲಮಿಗೆ ನಿಮ್ಮ ಕಾನೂನು ಅನ್ವಯವಾಗೋದಿಲ್ಲ. ಹುಚ್ಚಿರಲಿ, ಜಾಣತನವಿರಲಿ, ನೀವು ವರದಿ ಬರೆಯೋ ಹಾಗೇ ಇಲ್ಲ."

"ಈಗ ಯಾವ ಕಲಮು ಹಾಕಿದ್ದಾರೆ?"

"ಮೊದಲನೇದು. ದೂರು ಬರೆದುಕೊಂಡ ಹೆಡ್ ಕಾನ್‌ಸ್ಟೇಬಲ್ಲು ಪುಣ್ಯಾತ್ಮ, 'ಕಾವಲು ಗುಡಿಸಲು' ಅಂತ ಬರೆದಿದ್ದಾನೆ. ಬೇಕಂತಲೇ ಬರೆದನೋ, ಬರೆಯೋಕೆ ಬೇಜಾರಾಗಿ ಬರೆದನೋ, ನಾನು ಕೇಳಲಿಲ್ಲ. ನೀವೂ ಕೇಳಬೇಡಿ."

ಮಾರನೆಯ ವಾರ ನಾನು ಊರಿಗೆ ಹೋದೆ. ಚಿಕ್ಕರಸಿನಕೆರೆಯಿಂದ ಎರಡು ಮೈಲಿ ಒಳಗೆ. ಕಂಡಕ್ಟರು ನಿಲ್ದಾಣವಲ್ಲದ ಕಡೆ ಬಸ್ಸು ನಿಲ್ಲಿಸಿ, "ಇಲ್ಲೇ ಇಳೀರಮ್ಮ, ಇಲ್ದಿದ್ರೆ ಸುತ್ತಾಕೊಂಡು ಬರ್ಬೇಕಾಯ್ತದೆ" ಎಂದು ಗದ್ದೆಯ ಏರಿ ತೋರಿಸಿದ.

ದೇವಿರಮ್ಮನಿಗೆ ಐವತ್ತರ ಹತ್ತಿರ. ಮಳವಳ್ಳಿ ಕಡೆ ಕೊಟ್ಟಿದ್ದರು. ಗಂಡ ತೀರಿಕೊಂಡ ಮೇಲೆ ತವರಿಗೆ ಬಂದು ತಮ್ಮನನ್ನು ನೋಡಿಕೊಂಡಿದ್ದಳು. ನನ್ನನ್ನು ಕೂರಿಸಿ, ಒಂದು ಎಳನೀರು ಕೆತ್ತಿ ಕೈಗಿಟ್ಟಳು.

"ನಮ್ಮನೆ ನೀರ್ ಕುಡಿತೀರೋ ಇಲ್ವೋ ಅಂತ ಇದ್ನ ಕೀಳಿಸ್ದೆ ಕಣಮ್ಮಾರೆ. ನೀವು ಅಯ್ಯಂಗಾರ್ರಂತೆ."

ಎಳನೀರು ಕುಡಿದು, ನೀರನ್ನೂ ಕೇಳಿ ಕುಡಿದೆ. ಅವಳು ಹಿತ್ತಾಳೆ ಚೊಂಬನ್ನು ಸೆರಗಿನಿಂದ ಇನ್ನೊಮ್ಮೆ ಒರೆಸಿ ಒಳಗಿಟ್ಟಳು.

ಬೋರಯ್ಯ ಜಾಮೀನಿನ ಮೇಲೆ ಹೊರಗಿದ್ದ. ಬೆಂಗಳೂರಿನ ಆಸ್ಪತ್ರೆಯಿಂದ ತಂದ ಮಾತ್ರೆ ತಿನ್ನುತ್ತಿದ್ದ. ಮನೆಯ ಮುಂದಿನ ಜಗಲಿಯ ಮೇಲೆ, ಸೂರಿನ ಅಂಚಿನಿಂದ ಹೊರಕ್ಕೆ ತಲೆ ಬರುವ ಹಾಗೆ ಮಲಗುತ್ತಿದ್ದನಂತೆ. ಮಳೆ ಬಂದರೆ ದೇವಿರಮ್ಮ ಅವನ ತಲೆಯ ಮೇಲೆ ಗೋಣಿಚೀಲ ಹಿಡಿದು ಕೂರುತ್ತಿದ್ದಳು. ನಾನು ಹೋದಾಗ ಅವನು ಅವರೆಕಾಯಿ ಸುಲಿಯುತ್ತಿದ್ದ. ಕಾಳನ್ನು ಸಣ್ಣದು, ದೊಡ್ಡದು ಎಂದು ಬೇರೆ ಬೇರೆ ಗುಪ್ಪೆ ಮಾಡಿದ್ದ.

"ಯಾಕಪ್ಪ ಬೆಂಕಿ ಇಟ್ಟೆ?" ಎಂದೆ.

"ಸೋಗೆಗೂ ಬಂದ್ಬುಟ್ಟಿದ್ರು" ಎಂದ. "ತೊಲೇಲಿದ್ದೋರು."

"ಈಗ?"

"ಈಗ ದೂರದಲ್ಲವ್ರೆ. ಏನಂತಾರೋ ಕೇಳಾಕಿಲ್ಲ."

ದೇವಿರಮ್ಮ ನನ್ನನ್ನು ಕೂಗಳತೆಯಲ್ಲೇ ಇದ್ದ ಸುಟ್ಟ ಜಾಗಕ್ಕೆ ಕರೆದುಕೊಂಡು ಹೋದಳು. ಜಮೀನು ಅವರ ದೊಡ್ಡಪ್ಪನ ಮಗ ಹೊನ್ನಯ್ಯನದು. ಅವನು ಕಬ್ಬಿನ ಕಾವಲಿಗೆಂದು ಹಾಕಿಕೊಂಡಿದ್ದ ಗುಡಿಸಲನ್ನೇ ಅವಳು ಕೇಳಿ ಪಡೆದು, ಎದೆಮಟ್ಟ ಮಣ್ಣಿನ ಗೋಡೆ ಎಬ್ಬಿಸಿ, ಬಾಗಿಲಿಟ್ಟು, ಬಿದಿರ ಗಳುವಿನ ಮೇಲೆ ಕಬ್ಬಿನ ಸೋಗೆ ಹೊದಿಸಿದ್ದಳು. ಸೋಗೆ, ಗಳು, ಬಾಗಿಲು ಹೋಗಿದ್ದವು. ಗೋಡೆ ನಿಂತಿತ್ತು. ಹೊಸ್ತಿಲ ಕಲ್ಲಿನ ಮೇಲೆ ಮಸಿಯ ಅಡಿಯಲ್ಲಿ ಅರಿಸಿನ ಇನ್ನೂ ಕಾಣುತ್ತಿತ್ತು.

"ಈ ಊರಲ್ಲಿ ಪಟ್ಟಲಮ್ಮ ಅಂತ ಒಬ್ಳವ್ಳೆ" ಎಂದಳು. "ದೇವಿರಿ ತಮ್ಮನ್ನ ದನದ್ ಕೊಟ್ಟಿಗೆಗೆ ಆಕವ್ಳೆ ಅಂತ ಬಾವಿ ತಾವೆಲ್ಲ ಯೋಳ್ಕಂಡ್ ಬಂದ್ಲು. ನಂಗೆ ಎದೆಗ್ ಇಕ್ಕಿದಂಗಾಯ್ತು. ಅದ್ಕೇ ಒಳ್ಳೆ ದಿನ ಕೇಳಿ ಆಲುಕ್ಕಿಸ್ದೆ. ಹೊಸ ಕುಡಿಕೆ ತಂದು, ಅರಿಸ್ನ ಕುಂಕ್ಮ ಇಟ್ಟು, ಮೂಡ್ಲ ಕಡೀಕೆ ಉಕ್ಕಂಗೆ ಮಾಡಿ, ಬೋರನ ಕೈಲೇ ದೀಪ ಅಂಟಿಸ್ದೆ. ಯಾರೂ ಬರಾಕಿಲ್ಲ ಅನ್ಕಂಡಿದ್ದೆ. ಏಳೆಂಟ್ ಜನ ಬಂದ್ರು ಕಣಮ್ಮಾರೆ. ಪಟ್ಟಲಮ್ಮನೂ ಬಂದ್ಲು. ಪಾಯಸ ಉಂಡು, 'ಪರ್ವಾಗಿಲ್ಲ ಕಣಮ್ಮಿ, ಮನೆ ಅಂಗೇ ಅದೆ' ಅಂದ್ಲು."

ಅಷ್ಟು ಹೇಳಿ ಗೋಡೆಯ ಮೇಲಿದ್ದ ಸುಟ್ಟ ಹುಲ್ಲನ್ನು ಕೈಯಿಂದ ತೆಗೆದಳು.

ಆ ಕುಡಿಕೆಯನ್ನೂ ಬೋರಯ್ಯ ಸುಟ್ಟಿರಲಿಲ್ಲ. ಕರು ದಾಟಿಸಿ ವಾಪಸು ಬಂದು, ಕುಡಿಕೆಯನ್ನು ಹೊರತಂದು ಏರಿಯ ಮೇಲಿಟ್ಟು, ಆಮೇಲೆ ಬೆಂಕಿ ಹಚ್ಚಿದ್ದ. ಪೊಲೀಸರು ಅದನ್ನು ಪಂಚನಾಮೆಯಲ್ಲಿ ಸೇರಿಸಿ ತೆಗೆದುಕೊಂಡು ಹೋಗಿದ್ದರು.

ಹೊನ್ನಯ್ಯ ಅಷ್ಟರಲ್ಲಿ ಗುದ್ದಲಿ ಹೆಗಲಿಗಿಟ್ಟುಕೊಂಡು ಬಂದ. ಹೊಗೆ ಕಂಡ ಸಿಟ್ಟಿನಲ್ಲಿ ಠಾಣೆಗೆ ಹೋದವನು ಇವನೇ.

"ಬುಟ್ಬುಡಿ ಅಂತ ಎಂಟ್ ಸಲ ಓದೆ ಕಣಮ್ಮ ಟೇಸನ್ನಿಗೆ. ಕೊಟ್ಟಿದ್ ಕಂಪ್ಲೇಂಟ್ ವಾಪಸ್ ಕೊಡಾಕಿಲ್ಲ ಅಂತಾರೆ. ಸಾಲದ್ ಪತ್ರಾನಾದ್ರೂ ಅರ್ದಾಕ್ಬೌದು, ಇದ್ನ ಅರ್ದಾಕಂಗಿಲ್ವಂತೆ." ಆಮೇಲೆ ಜಗಲಿಯ ಕಡೆ ತಿರುಗಿ ಕೂಗಿದ: "ಲೇ ಬೋರ, ಕಾರ್ಖಾನೆಯೋರು ಕಡಿಯಾಕ್ ಬರೋಗಂಟ ತಡ್ಕಳಾಕ್ ಆಗ್ನಿಲ್ವೇನ್ಲಾ? ಒಂದ್ ವಾರ ಇತ್ತು!"

"ನಿನ್ ಕರ ಬಿಚ್ಚಿದ್ನಲ್ಲ" ಎಂದ ಬೋರಯ್ಯ ಅಲ್ಲಿಂದಲೇ.

"ಬಿಚ್ಚಿದ್ದೆ ಬುಡಪ್ಪ. ಅದ್ಕೇ ಇನ್ನೂ ಮಾತಾಡ್ತಿವ್ನಿ ನಿನ್ ಕೂಡೆ."

ಮಂಡ್ಯಕ್ಕೆ ಹಿಂತಿರುಗಿ ವರದಿ ಬರೆಯಲು ಕುಳಿತಾಗ ನಾನು ಮೊದಲು 'ಅಕ್ಕ ಕಟ್ಟಿಕೊಟ್ಟ ಮನೆ' ಎಂದು ಬರೆದೆ. ಓದಿ ನೋಡಿದೆ. ಹಾಳೆ ಹರಿದು ಬೇರೆ ಹಾಳೆಯಲ್ಲಿ 'ಕಾವಲು ಗುಡಿಸಲು' ಎಂದು ಬರೆದೆ. ಆರೋಪಿ ಅಕ್ಕನ ಹೆಂಚಿನ ಮನೆಯಲ್ಲಿ ವಾಸವಾಗಿದ್ದಾನೆ, ಔಷಧ ತೆಗೆದುಕೊಳ್ಳುತ್ತಿದ್ದಾನೆ, ಅಕ್ಕ ಜವಾಬ್ದಾರಿಯುಳ್ಳ ಹೆಂಗಸು, ದೂರುದಾರನಿಗೂ ವಿರೋಧವಿಲ್ಲ, ಮೂರು ವರ್ಷದ ಮುಚ್ಚಳಿಕೆಯ ಮೇಲೆ ಬಿಡಬಹುದು. ಸಹಿ ಹಾಕಿ, ಒತ್ತು ಕಾಗದದಿಂದ ಮಸಿ ಹೀರಿಸಿ ಕಳಿಸಿದೆ.

ಆಗಸ್ಟ್ ಹನ್ನೆರಡರಂದು ಮದ್ದೂರಿನ ಕೋರ್ಟಿನಲ್ಲಿ ಬೋರಯ್ಯ ತಪ್ಪು ಒಪ್ಪಿಕೊಂಡ. ಅವನನ್ನು ಬಿಡುವ ಮುಂಚೆ ಅಕ್ಕನನ್ನು ಪ್ರಮಾಣದ ಮೇಲೆ ಒಂದೆರಡು ಮಾತು ಕೇಳಬೇಕು ಎಂದು ಮ್ಯಾಜಿಸ್ಟ್ರೇಟರು ಹೇಳಿದ್ದರು. ಬಿಡುಗಡೆಯಾದವನಿಗೆ ನಿಂತ ನೆಲೆ ಒಂದಿರಬೇಕು, ಅದು ಕಾನೂನು.

ಹಿಂದಿನ ದಿನ ಸಂಪತ್ ಕುಮಾರ್ ತಮ್ಮ ಕಚೇರಿಯಲ್ಲಿ ದೇವಿರಮ್ಮನಿಗೆ ಹೇಳಿಕೊಟ್ಟಿದ್ದರು. ನಾನೂ ಅಲ್ಲಿದ್ದೆ.

"ತಮ್ಮ ಎಲ್ಲಿರ್ತಾನೆ ಅಂದರೆ?"

"ನನ್ ಮನೇಲಿ."

"ಸುಟ್ಟದ್ದು ಏನು ಅಂದರೆ?"

"ಹೊನ್ನಯ್ಯನ ಕಾವ್ಲು ಗುಡ್ಲು."

"ಅಲ್ಲಿ ಯಾರಿದ್ದರು ಅಂದರೆ?"

"ಯಾರೂ ಇರ್ನಿಲ್ಲ. ಕಬ್ಬು ಕಾಯಾಕೆ ಒಂದೊಂದ್ ದಪ ಬೋರ ಓಗ್ತಿದ್ದ."

"ಅಷ್ಟೇನಮ್ಮ. ಬೇರೆ ಒಂದು ಮಾತೂ ಬೇಡ."

"ಅಷ್ಟೇ ತಾನೇ, ಯೋಳ್ತೀನ್ ಬುಡಿ. ನಮ್ ಬೋರ ಮನೀಗ್ ಬಂದ್ರೆ ಸಾಕು." ಎದ್ದು ನಿಂತವಳು ಮತ್ತೆ ಕೇಳಿದಳು, "ಮೂರ್ ಗಂಟೆ ಬಸ್ಸಿಗೆ ಕಳಿಸ್ತಾರಾ ಸಾಮಿ? ಅವ್ನು ಕತ್ಲಾದ್ರೆ ಬಸ್ ಅತ್ತಾಕಿಲ್ಲ."

"ಕಳಿಸ್ತಾರೆ" ಎಂದರು ಸಂಪತ್ ಕುಮಾರ್.

ಅಂದು ಬೆಳಿಗ್ಗೆ ಊರಿನಿಂದ ಆರೇಳು ಜನ ಬಂದಿದ್ದರು. ಹೊನ್ನಯ್ಯ ಬೋರಯ್ಯನಿಗೆ ಮುದ್ದೆ ಬುತ್ತಿ ತಂದಿದ್ದ. ಹಿಂದಿನ ಬೆಂಚಿನ ಮೇಲೆ ದಪ್ಪ ಹೆಂಗಸೊಬ್ಬಳು ಎಲೆಯಡಿಕೆಯ ಚೀಲ ತೊಡೆಯ ಮೇಲಿಟ್ಟು ಕೂತಿದ್ದಳು. "ಅವ್ಳೇ ಪಟ್ಟಲಮ್ಮ" ಎಂದು ದೇವಿರಮ್ಮ ನನಗೆ ಮೆಲ್ಲಗೆ ಹೇಳಿದಳು. "ನೋಡಾಕೆ ಅಂತ ಬಂದವ್ಳೆ."

ಬೋರಯ್ಯ ಕಟಕಟೆಯಲ್ಲಿ ಬಿಳಿ ಅಂಗಿ ಹಾಕಿಕೊಂಡು ನಿಂತಿದ್ದ. ಕೋರ್ಟಿನ ಚಾವಣಿಯಲ್ಲಿ ದಪ್ಪ ತೊಲೆಗಳಿದ್ದವು. ಅವನು ತಲೆ ಎತ್ತಲಿಲ್ಲ. ಪಕ್ಕದಲ್ಲಿದ್ದ ಪೇದೆಗೆ ಯಾರು ಹೇಳಿದ್ದರೋ, ಅವನು ಬೋರಯ್ಯನನ್ನು ಕಿಟಕಿಯ ಕಡೆಗೆ ಒಂದು ಹೆಜ್ಜೆ ಸರಿಸಿ ನಿಲ್ಲಿಸಿದ. ಅಲ್ಲಿಂದ ಹೊರಗಿನ ಹುಣಸೆಮರ ಕಾಣುತ್ತಿತ್ತು.

ದೇವಿರಮ್ಮ ಸಾಕ್ಷಿ ಕಟ್ಟೆ ಹತ್ತಿದಳು. ಮ್ಯಾಜಿಸ್ಟ್ರೇಟರು ಕೇಳಿದ್ದಕ್ಕೆಲ್ಲ ಹೇಳಿಕೊಟ್ಟ ಹಾಗೆಯೇ ಉತ್ತರ ಕೊಟ್ಟಳು. ತಮ್ಮ ತನ್ನ ಮನೆಯಲ್ಲಿರುತ್ತಾನೆ. ಸುಟ್ಟದ್ದು ಕಾವಲು ಗುಡಿಸಲು. ಮಾತ್ರೆ ತಾನೇ ಕೊಡುತ್ತಾಳೆ, ನುಂಗುವವರೆಗೂ ಎದುರಿಗೆ ನಿಂತಿರುತ್ತಾಳೆ. ಸಂಪತ್ ಕುಮಾರ್ ಪೆನ್ನಿನ ಟೋಪಿ ಮುಚ್ಚಿದರು.

ಆಗ ಸರಕಾರಿ ವಕೀಲರು ಎದ್ದರು. ಹೊಸಬರು, ಒಳ್ಳೆಯವರೇ. ಇವಳು ತಮ್ಮನನ್ನು ನೋಡಿಕೊಳ್ಳಬಲ್ಲಳೇ ಎಂಬುದಷ್ಟನ್ನೇ ಅವರಿಗೆ ಪರೀಕ್ಷಿಸಬೇಕಾಗಿತ್ತು. ಸುಟ್ಟದ್ದು ಏನು ಎನ್ನುವುದು ಅವರ ತಲೆಯಲ್ಲಿ ಇರಲೇ ಇಲ್ಲವೆಂದು ಅವರೇ ಆಮೇಲೆ ನನಗೆ ಹೇಳಿದರು.

"ಏನಮ್ಮ, ನಿನ್ನ ಹತ್ತಿರ ಹೆಂಚಿನ ಮನೆ ಇದೆ ಅಂತೀಯ. ಅಷ್ಟು ಪ್ರೀತಿ ಇದ್ದ ಮೇಲೆ ಇಷ್ಟು ವರ್ಷ ತಮ್ಮನನ್ನು ಗದ್ದೆಯಲ್ಲಿ ಯಾಕೆ ಬಿಟ್ಟಿದ್ದೆ?"

"ಕಬ್ಬು ಕಾಯಾಕೆ ಓಗ್ತಿದ್ದ ಸಾಮಿ."

"ಕರು ಕಟ್ಟೋ ಜಾಗದಲ್ಲಿ ಮಲಗಿಸ್ತಿದ್ದೆ, ಅಲ್ಲವೇ?"

ಅವಳು ಸೆರಗು ಸರಿಮಾಡಿಕೊಂಡಳು.

"ದನದ ಕೊಟ್ಟಿಗೆಯಲ್ಲಿ ದನದ ಹಾಗೆ ಇಟ್ಟವಳು ನಾಳೆ ಅವನನ್ನು ಸರಿಯಾಗಿ ನೋಡಿಕೊಳ್ತೀಯ ಅಂತ ಕೋರ್ಟು ಹೇಗೆ ನಂಬಬೇಕು?"

ಹಿಂದಿನ ಬೆಂಚಿನಲ್ಲಿ ಯಾರೋ ಕೆಮ್ಮಿದರು. ದೇವಿರಮ್ಮ ತಿರುಗಿ ನೋಡಿದಳು. ಪಟ್ಟಲಮ್ಮ ಎಲೆಗೆ ಸುಣ್ಣ ಹಚ್ಚುವುದನ್ನು ನಿಲ್ಲಿಸಿ ಇವಳನ್ನೇ ನೋಡುತ್ತಿದ್ದಳು.

"ಅದು ಕೊಟ್ಟಿಗೆ ಅಲ್ಲ ಸಾಮಿ" ಎಂದಳು ದೇವಿರಮ್ಮ.

ಸಂಪತ್ ಕುಮಾರ್ ಎದ್ದು ನಿಂತರು. "ಸ್ವಾಮಿ, ಸಾಕ್ಷಿ ಓದಿದವಳಲ್ಲ..."

"ನನ್ ತಮ್ಮನ್ನ ನಾನು ಕೊಟ್ಟಿಗೇಲಿ ಮಡಗಿರ್ನಿಲ್ಲ. ಅದು ಮನೆ. ಗ್ವಾಡೆ ನಾನೇ ಮೆತ್ತಿವ್ನಿ. ಬಾಗ್ಲು ಮಡಗಿವ್ನಿ. ಆಲುಕ್ಕಿಸಿವ್ನಿ. ಅವ್ನು ನಾಕ್ ವರ್ಸ ಅಲ್ಲೇ ಉಂಡು ಅಲ್ಲೇ ಮನಗವ್ನೆ. ಊರೋರೆಲ್ಲ ಬಂದು ಪಾಯಸ ಉಂಡವ್ರೆ, ಕೇಳಿ ಬೇಕಾರೆ."

ಕೋರ್ಟಿನಲ್ಲಿ ಟೈಪ್ ಯಂತ್ರದ ಸದ್ದು ನಿಂತಿತು. ಮ್ಯಾಜಿಸ್ಟ್ರೇಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಅಮ್ಮ, ನೀನು ಮೊದಲು ಕಾವಲು ಗುಡಿಸಲು ಅಂದೆ."

"ಊ ಸಾಮಿ."

"ಸ್ವಲ್ಪ ನೀರು ಕುಡಿ. ಯೋಚನೆ ಮಾಡು. ಆಮೇಲೆ ಹೇಳು. ಅವಸರವಿಲ್ಲ."

ಬೆಂಚ್ ಗುಮಾಸ್ತರು ತಮ್ಮ ಲೋಟದಲ್ಲೇ ನೀರು ಕೊಟ್ಟರು. ಅವಳು ಕುಡಿದಳು. ಸಂಪತ್ ಕುಮಾರ್ ಅವಳನ್ನೇ ನೋಡುತ್ತಿದ್ದರು. ನಾನೂ ನೋಡುತ್ತಿದ್ದೆ. ಅವಳು ನಮ್ಮಿಬ್ಬರನ್ನೂ ನೋಡಲಿಲ್ಲ.

"ಈಗ ಹೇಳು. ಅದು ಏನು?"

"ಮನೆ ಸಾಮಿ."

ಗುಮಾಸ್ತರು ವಸ್ತುಗಳ ಪಟ್ಟಿ ತೆಗೆದು ಮೆಲ್ಲಗೆ ಮ್ಯಾಜಿಸ್ಟ್ರೇಟರ ಮುಂದೆ ಇಟ್ಟರು. ಅರಿಸಿನ ಕುಂಕುಮ ಹಚ್ಚಿದ ಮಣ್ಣಿನ ಕುಡಿಕೆ ಒಂದು. ಅವರು ಓದಿ, ಪಕ್ಕದ ಬೀರುವಿನಿಂದ ಅದನ್ನು ತರಿಸಿದರು. ಕುಡಿಕೆಯ ಕೊರಳಿಗೆ ಕೋರ್ಟಿನ ಚೀಟಿ ಕಟ್ಟಿತ್ತು. ಮೇಜಿನ ಮೇಲೆ ಇಟ್ಟಾಗ ದೇವಿರಮ್ಮ ಕೈ ಮುಗಿದಳು.

"ಅದೇಯ ಸಾಮಿ" ಎಂದಳು. ಅವಳ ಮುಖದಲ್ಲಿ ಸಮಾಧಾನ ಇತ್ತು. ಸಾಕ್ಷಿ ಸಿಕ್ಕಿತಲ್ಲ ಎನ್ನುವಂಥದ್ದು.

ಆಮೇಲೆ ಆದದ್ದೆಲ್ಲ ಕಾಲು ಗಂಟೆಯಲ್ಲಿ ಮುಗಿಯಿತು. ವಾಸದ ಮನೆ ಸುಟ್ಟ ಅಪರಾಧವೆಂದು ಕಾಣುವುದರಿಂದ ಈ ನ್ಯಾಯಾಲಯ ಇದನ್ನು ವಿಚಾರಿಸುವ ಹಾಗಿಲ್ಲ, ಮಂಡ್ಯದ ಸೆಷನ್ಸ್ ಕೋರ್ಟಿಗೆ ಒಪ್ಪಿಸಲಾಗಿದೆ. ಜಾಮೀನು ರದ್ದು. ಪ್ರೊಬೇಷನ್ ಅಧಿಕಾರಿಯ ವರದಿ ಪರಿಗಣನೆಗೆ ಬರುವುದಿಲ್ಲ. ಮ್ಯಾಜಿಸ್ಟ್ರೇಟರು ಇದನ್ನು ಬರೆಸುತ್ತಿದ್ದಾಗ ಎರಡು ಸಲ ಮಾತು ನಿಲ್ಲಿಸಿದರು. ಟೈಪ್ ಮಾಡುವವರು ಕಾದರು.

ಪೇದೆ ಬೋರಯ್ಯನ ಕೈ ಹಿಡಿದ. "ಮೂರ್ ಗಂಟೆ ಆಯ್ತಾ?" ಎಂದು ಬೋರಯ್ಯ ಕೇಳಿದ. "ಇನ್ನೂ ಇಲ್ಲ ಬಾಪ್ಪ" ಎಂದ ಪೇದೆ. ಬೇಡಿ ಹಾಕಲಿಲ್ಲ. ಹಾಗೇ ಭುಜದ ಮೇಲೆ ಕೈ ಇಟ್ಟು, ತೊಲೆ ಇಲ್ಲದ ಪಕ್ಕದ ಬಾಗಿಲಿನಿಂದ ಕರೆದುಕೊಂಡು ಹೋದ.

ಹೊರಗೆ ಹುಣಸೆಮರದ ಕೆಳಗೆ ಹೊನ್ನಯ್ಯ ಬುತ್ತಿಯ ಗಂಟು ಹಿಡಿದುಕೊಂಡು ನಿಂತಿದ್ದ.

"ಏನಮ್ಮೀ ನೀನು! ಗುಡ್ಲು ಅಂತ ಒಂದ್ ಮಾತು. ನಾಲ್ಗೆ ಸವೀತಿತ್ತಾ?"

"ಎಲ್ಲಾ ಕೇಳ್ತಿದ್ರು ಕಣ್ ಹೊನ್ನಯ್ಯ."

"ಕೇಳ್ಲಿ! ಕೇಳ್ದೋರು ಬೋರಂಗೆ ಮುದ್ದೆ ಇಕ್ತಾರಾ?"

"ಬೋರನೂ ಕೇಳ್ತಿದ್ದ" ಎಂದಳು ಅವಳು.

ಹೊನ್ನಯ್ಯ ಬುತ್ತಿಯ ಗಂಟನ್ನು ಅವಳ ಪಕ್ಕದಲ್ಲಿಟ್ಟ. ಸಂಪತ್ ಕುಮಾರ್ ಬಂದು, ಅವಳನ್ನು ಬೈಯದೆ, ಜೇಬಿನಿಂದ ಬಾಳೆಹಣ್ಣು ತೆಗೆದು ಕೊಟ್ಟರು. ಅವಳು ಅದನ್ನು ಹಿಡಿದುಕೊಂಡೇ ಕೂತಳು. ಪಟ್ಟಲಮ್ಮ ಸ್ವಲ್ಪ ದೂರದಲ್ಲಿ ನಿಂತಿದ್ದವಳು ಹತ್ತಿರ ಬಂದು, ದೇವಿರಮ್ಮನ ಪಕ್ಕದಲ್ಲಿದ್ದ ಬೋರಯ್ಯನ ಟವೆಲ್ಲು, ಮಾತ್ರೆಯ ಡಬ್ಬಿ ಎಲ್ಲ ತೆಗೆದು ತನ್ನ ಚೀಲಕ್ಕೆ ಹಾಕಿಕೊಂಡಳು.

"ಏಳಮ್ಮಿ. ಬಸ್ಸೋಯ್ತದೆ. ನಾನ್ ಇಡ್ಕತ್ತೀನಿ."

ಮಾತ್ರೆಯ ಡಬ್ಬಿಯನ್ನು ನಾನು ವಾಪಸು ಕೇಳಿ ತೆಗೆದುಕೊಂಡು ಸಬ್‌ಜೈಲಿನ ಬಾಗಿಲಿಗೆ ಕೊಟ್ಟು ಬಂದೆ. ಅಲ್ಲಿದ್ದವರು, ದಿನಕ್ಕೆ ಎಷ್ಟು ಎಂದು ಕೇಳಿ, ಸಿಗರೇಟಿನ ಪೊಟ್ಟಣದ ಹಿಂದೆ ಬರೆದುಕೊಂಡರು. ಮಂಡ್ಯಕ್ಕೆ ಹೋಗಿ ಕಡತದ ಮೇಲೆ 'ಅರ್ಹರಲ್ಲ, ಮುಕ್ತಾಯ' ಎಂದು ಬರೆದು ಕಪಾಟಿಗೆ ಸೇರಿಸಿದೆ. ಊಟ ಮಾಡಿದೆ. ಅಳು ಬರಬಹುದು ಎಂದುಕೊಂಡಿದ್ದೆ, ಬರಲಿಲ್ಲ.

ಸೆಷನ್ಸ್ ಕೋರ್ಟಿನಲ್ಲಿ ಡಿಸೆಂಬರಿನಲ್ಲಿ ತೀರ್ಪಾಯಿತು. ಹುಚ್ಚಿನ ವಾದವನ್ನು ಸಂಪತ್ ಕುಮಾರ್ ಎತ್ತಿದರು. ಕರು ಬಿಚ್ಚಿದ್ದೂ, ಕುಡಿಕೆ ಎತ್ತಿಟ್ಟದ್ದೂ ಅಲ್ಲಿ ಮತ್ತೆ ಬಂದವು. ನ್ಯಾಯಾಧೀಶರು ಕಾಯಿಲೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಮೂರೇ ವರ್ಷ ಕೊಟ್ಟರು, ಜೈಲಿನಲ್ಲಿ ಔಷಧ ಕೊಡಿಸಬೇಕೆಂದು ಬರೆದರು. ಆ ಕೋರ್ಟಿನಲ್ಲಿ ನನಗೆ ಕೆಲಸವಿರಲಿಲ್ಲ. ಹಿಂದಿನ ಸಾಲಿನಲ್ಲಿ ಕೂತು ಕೇಳಿದೆ. ಕೇಸು ಮುಗಿದ ಮೇಲೆ ಕುಡಿಕೆಯನ್ನು ದೇವಿರಮ್ಮನಿಗೆ ಹಿಂತಿರುಗಿಸಿದರು. ಹೆಬ್ಬೆಟ್ಟು ಒತ್ತಿ ತೆಗೆದುಕೊಂಡಳು. ಚೀಟಿಯನ್ನು ಬಿಚ್ಚಿ ಗುಮಾಸ್ತರಿಗೆ ವಾಪಸು ಕೊಟ್ಟಳು, ಅದು ಅವರದಲ್ಲವೇ ಎಂದು.

ಮುಂದಿನ ಫೆಬ್ರವರಿಯಲ್ಲಿ ಒಂದು ದಿನ ರಜೆ ಹಾಕಿ ಅವಳ ಜೊತೆ ಮೈಸೂರಿನ ಜೈಲಿಗೆ ಹೋದೆ. ಭೇಟಿಯ ಚೀಟಿ ಬರೆಯಲು ಅವಳಿಗೆ ಬರುವುದಿಲ್ಲ, ಹೊನ್ನಯ್ಯನಿಗೆ ಅಂದು ಕಬ್ಬಿನ ಗಾಡಿ ಇತ್ತು. ಮಂಡ್ಯದ ಬಸ್ ನಿಲ್ದಾಣಕ್ಕೆ ಅವಳು ಬೆಳಿಗ್ಗೆ ಏಳಕ್ಕೇ ಬಂದು ನನಗಾಗಿ ಕಾದಿದ್ದಳು. ಕಿಟಕಿಯ ಪಕ್ಕದ ಜಾಗವನ್ನು ಟವೆಲ್ಲು ಹಾಕಿ ಹಿಡಿದಿದ್ದಳು. ದಾರಿಯಲ್ಲಿ, ಗದ್ದೆಯ ಗೋಡೆಗೆ ಹೊಸದಾಗಿ ಮಣ್ಣು ಮೆತ್ತಿದೆ ಎಂದಳು. ಸೋಗೆಯನ್ನು ಹೊನ್ನಯ್ಯ ಕೊಟ್ಟನಂತೆ. ಗಳು ಕಟ್ಟಲು ಪಟ್ಟಲಮ್ಮನ ಗಂಡ ಬಂದಿದ್ದನಂತೆ.

ಬೋರಯ್ಯ ಜಾಲರಿಯ ಆಚೆ ಬಂದು ನಿಂತ. ತೂಕ ಇಳಿದಿತ್ತು. ತಲೆ ಬೋಳಿಸಿದ್ದರು. ಅಕ್ಕನನ್ನು ನೋಡಿದ, ನನ್ನನ್ನು ನೋಡಿದ.

"ಗುಳಿಗೆ ಕೊಡ್ತಾರಾ?" ಎಂದು ದೇವಿರಮ್ಮ ಕೇಳಿದಳು.

"ಕೊಡ್ತಾರೆ. ಒಂದೊಂದ್ ದಿನ ಕೊಡಾಕಿಲ್ಲ."

"ನಿದ್ದೆ ಬತ್ತದಾ?"

ಅವನು ಮೇಲೆ ನೋಡದೆ, ಬೆರಳು ಮಾತ್ರ ಮೇಲಕ್ಕೆ ತೋರಿಸಿದ. ಅಲ್ಲಿನ ಚಾವಣಿಯಲ್ಲಿ ಕಬ್ಬಿಣದ ತೊಲೆಗಳಿದ್ದವು.

"ಇನ್ನೂ ಎಲ್ಡೂವರೆ ವರ್ಸ" ಎಂದಳು ಅವಳು.

"ಊ."

ಕಾವಲಿನವನು ಗಡಿಯಾರ ನೋಡಿದ. ಸಮಯ ಮುಗಿದಿತ್ತು. ಅವನು ನಮ್ಮ ಕಡೆಗೆ ಬೆನ್ನು ಮಾಡಿ, ಬಾಗಿಲ ಬಳಿ ಬಿದ್ದಿದ್ದ ಕಾಗದದ ಚೂರನ್ನು ಕಾಲಿನಿಂದ ಮೂಲೆಗೆ ತಳ್ಳುತ್ತ ನಿಂತುಬಿಟ್ಟ.

"ಅಕ್ಕ, ಮನೆ ಅದಾ?" ಎಂದು ಬೋರಯ್ಯ ಕೇಳಿದ.

"ಅದೆ ಕಣ್ ಬುಡು. ಗ್ವಾಡೆ ಮೆತ್ತಿವ್ನಿ."

"ತೊಲೆ ಆಕ್ಬ್ಯಾಡ."

"ಆಕಾಕಿಲ್ಲ."

"ಸೋಗೇನೂ ಬ್ಯಾಡ."

ಅವಳು ನನ್ನ ಕಡೆ ನೋಡಿದಳು. ಸೋಗೆ ಹೊದಿಸಿ ಒಂದು ವಾರವಾಗಿತ್ತು.

"ಸರಿ ಬುಡು" ಎಂದಳು. "ಸೋಗೇನೂ ಬ್ಯಾಡ."

ವಾಪಸು ಬರುವಾಗ ಬಸ್ಸಿನಲ್ಲಿ ಅವಳು ನನ್ನನ್ನು ಏನಾದರೂ ಕೇಳುತ್ತಾಳೆ ಎಂದುಕೊಂಡಿದ್ದೆ. ಕೇಳಲಿಲ್ಲ. ಕೇಳಿದ್ದರೆ ನಾನು ಬರೆದು ಹರಿದ ಹಾಳೆಯ ವಿಷಯ ಹೇಳುತ್ತಿದ್ದೆನೋ ಏನೋ. ಮದ್ದೂರಿನವರೆಗೆ ಹೋಗುವ ಬಸ್ಸು ಮಂಡ್ಯದಲ್ಲಿ ನಿಂತಾಗ ನಾನು ಇಳಿದೆ. ಅವಳು ಕಿಟಕಿಯಿಂದ ಕೈ ಚಾಚಿ ನಾನು ಮರೆತಿದ್ದ ಕೊಡೆ ಕೊಟ್ಟಳು.

ಆ ವಾರವೇ ಅವಳು ಸೋಗೆ ಇಳಿಸಿದಳಂತೆ. ಎರಡು ವರ್ಷಕ್ಕೂ ಹೆಚ್ಚು ಕಾಲ ಆ ಗೋಡೆಗಳು ಮೇಲೆ ಏನೂ ಇಲ್ಲದೆ ನಿಂತಿದ್ದವು. ಮಳೆ ಬಂದು ಕರಗಿದ ಕಡೆ ಅವಳು ಮತ್ತೆ ಮಣ್ಣು ಮೆತ್ತುತ್ತಿದ್ದಳು ಎಂದು ಹೊನ್ನಯ್ಯ ಹೇಳಿದ. ಒಳಗೆ ಮೂಲೆಯಲ್ಲಿ ಕುಡಿಕೆ ಬೋರಲಾಗಿತ್ತಂತೆ, ನೀರು ತುಂಬದಿರಲೆಂದು.